ಮುಂಜಾವಿನ ಮೂರು ತಾಸಿಗಾಗಿ: ಸಾಣಾಪುರವೋ, ಸಂಡೂರೋ, ಜಲದುರ್ಗವೋ?

ನಮ್ಮ ಕಡೆ ಚಳಿ ಅಂದರೆ ಮೂರು ತಿಂಗಳು ಉಳಿದು ಹೋಗುವ ಬೀಗರಿದ್ದಂತೆ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಹೊತ್ತಿಗೆ ಬಂದಿಳಿಯುತ್ತದೆ, ಎಳ್ಳಮವಾಸ್ಯೆಗೆ ಜೋರಾಗುತ್ತದೆ, ಶಿವರಾತ್ರಿಗೆ ‘ಶಿವ ಶಿವಾ’ ಅಂತ ಹೊರಟೇಹೋಗುತ್ತದೆ. ಆಮೇಲೆ ರಾಯಚೂರು, ಬಳ್ಳಾರಿ, ಕೊಪ್ಪಳದ ಮಂದಿಗೆಲ್ಲ ಉಳಿಯುವುದು ಬಿಸಿಲೊಂದೇ. ಈ ಮೂರು ತಿಂಗಳಲ್ಲಿ ಒಂದು ರಾತ್ರಿಯಾದರೂ ಬೆಟ್ಟದ ನಡುವೆ, ಹೊಳೆ ದಂಡೆಯಲ್ಲಿ ಕಂಬಳಿ ಹೊದ್ದು ಮಲಗಬೇಕು ಅನ್ನುವ ಆಸೆ ನನಗೆ ಪ್ರತಿವರ್ಷ ಹುಟ್ಟುತ್ತದೆ. ಮಡಿಕೇರಿ, ಚಿಕ್ಕಮಗಳೂರು ಅಂದರೆ ಹೋಗಿಬರುವುದಕ್ಕೇ ಎರಡು ದಿನ ಬೇಕು. ಮಕ್ಕಳ ಶಾಲೆ, ಅವ್ವನ ಮೊಣಕಾಲು, ಹೊಲದ ಕೆಲಸ ಎಲ್ಲ ನೋಡಿಕೊಂಡು ಅಷ್ಟು ದೂರ ಹೋಗುವುದು ನಮ್ಮ ಮನೆಯಲ್ಲಿ ಆಗದ ಮಾತು.

ಹಾಗಾಗಿ ಹತ್ತಿರದಲ್ಲೇ ಹುಡುಕಿದೆ. ಬೆಟ್ಟವನ್ನು ಸೀಳಿಕೊಂಡು ಹೊಳೆ ಹರಿಯುವ ಜಾಗ ನಮ್ಮ ಮೂರೂ ಜಿಲ್ಲೆಯಲ್ಲಿ ಇದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರ ಸಾಣಾಪುರ, ಆನೆಗೊಂದಿ, ಅಲ್ಲಿ ತುಂಗಭದ್ರೆ. ಬಳ್ಳಾರಿ ಜಿಲ್ಲೆಯಲ್ಲಿ ಸಂಡೂರು, ಅಲ್ಲಿ ನಾರಿಹಳ್ಳ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಜಲದುರ್ಗ, ಅಲ್ಲಿ ಕೃಷ್ಣೆ. ನಾನಿರುವುದು ಸಿಂಧನೂರಿನಲ್ಲಿ. ಸಾಣಾಪುರಕ್ಕೂ ಜಲದುರ್ಗಕ್ಕೂ ಇಲ್ಲಿಂದ ಹೆಚ್ಚುಕಡಿಮೆ ಎರಡು ತಾಸು, ಸಂಡೂರಿಗೆ ಮೂರು. ಮೂರಕ್ಕೂ ಬೇರೆಬೇರೆ ವರ್ಷ, ಬೇರೆಬೇರೆ ಮಂದಿಯ ಜೊತೆ ಹೋಗಿ ಉಳಿದಿದ್ದೇನೆ. ‘ಯಾವುದು ಚಲೋ ಐತಿ?’ ಅಂತ ಕೇಳುವವರಿಗೆ ಒಂದೇ ಹೆಸರು ಹೇಳಿ ಕಳಿಸಿ, ಆಮೇಲೆ ಅವರಿಂದ ಬೈಸಿಕೊಂಡದ್ದೂ ಇದೆ. ಅದಕ್ಕೇ ಈಗ ಹೆಸರು ಹೇಳುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: ಬೆಳಗಿನ ಜಾವ ಐದೂವರೆಗೆ ನೀವು ಎಲ್ಲಿ ಕೂತಿರಬೇಕು?

ಮೊದಲು ಚಳಿಯ ಲೆಕ್ಕ

ಈ ಪ್ರಶ್ನೆಗೆ ಕಾರಣ ಇದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಭಾಗದಲ್ಲಿ ನಸುಕಿನ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುತ್ತದೆ. ಮಧ್ಯಾಹ್ನ ಮತ್ತೆ 30ರ ಹತ್ತಿರ. ಅಂದರೆ ಹನ್ನೊಂದರಿಂದ ನಾಲ್ಕರವರೆಗೆ ಮೂರೂ ಜಾಗ ಒಂದೇ: ಬಿಸಿಲು, ಸೆಕೆ, ನೆರಳು ಹುಡುಕುವ ಕೆಲಸ. ಚಳಿಗಾಲದ ಸುಖ ಇರುವುದು ಬೆಳಗಿನ ಐದೂವರೆಯಿಂದ ಎಂಟೂವರೆ, ಮತ್ತು ಸಂಜೆ ಸೂರ್ಯ ಮುಳುಗಿದ ಮೇಲಿನ ಒಂದೆರಡು ತಾಸು. ಮುಂಜಾನೆ ಮನೆ ಬಿಟ್ಟು, ಹನ್ನೊಂದಕ್ಕೆ ತಲುಪಿ, ಸಂಜೆ ಐದಕ್ಕೆ ಹೊರಟುಬಿಡುವವರು ಚಳಿಗಾಲದ ಪ್ರವಾಸಕ್ಕೆ ಹೋದಂತೆಯೇ ಅಲ್ಲ. ಅವರು ನೋಡಿದ್ದು ಬಿಸಿಲನ್ನು. ಒಂದು ರಾತ್ರಿ ತಂಗುವುದಾದರೆ ಮಾತ್ರ ಮುಂದಿನ ಮಾತು.

ಇನ್ನೊಂದು, ಮೂರೂ ಕಡೆ ಚಳಿಯ ರೀತಿಯೇ ಬೇರೆ. ರಾತ್ರಿ ತಣ್ಣಗಾದ ಗಾಳಿ ಭಾರ; ಅದು ಬೆಟ್ಟದ ಇಳಿಜಾರು ಹಿಡಿದು ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಸಂಡೂರು ಸುತ್ತ ಬೆಟ್ಟ ಇರುವ ಬಟ್ಟಲು, ಆ ಬಟ್ಟಲಿನ ತಳದಲ್ಲಿ ನೀವಿರುತ್ತೀರಿ. ಅಲ್ಲಿ ಚಳಿ ಮೈಗೆ ಅಂಟಿಕೊಂಡು ಎಂಟು ಗಂಟೆಯಾದರೂ ಬಿಡುವುದಿಲ್ಲ. ಸಾಣಾಪುರದಲ್ಲಿ ನೀವು ಬಂಡೆಗಳ ನಡುವೆ. ಹಗಲೆಲ್ಲ ಕಾದ ಕಲ್ಲು ರಾತ್ರಿ ಎಂಟರವರೆಗೂ ಬೆಚ್ಚಗಿರುತ್ತದೆ, ಸಂಜೆ ಆ ಕಲ್ಲಿಗೆ ಬೆನ್ನು ಕೊಟ್ಟು ಕೂತರೆ ಒಲೆ ಮುಂದೆ ಕೂತ ಹಾಗೆ. ಜಲದುರ್ಗದಲ್ಲಿ ನೀವು ಮೇಲೆ, ಹೊಳೆ ಕೆಳಗೆ. ಮಂಜೆಲ್ಲ ಕಮರಿಯಲ್ಲಿ ತುಂಬಿ ನಿಂತಿರುತ್ತದೆ, ನಿಮಗೆ ಸಿಗುವುದು ಗಾಳಿ, ಕಿವಿಗೆ ಹೊಡೆಯುವ ಗಾಳಿ. ಮಫ್ಲರ್ ಇಲ್ಲದೆ ಹೋದವರು ಅರ್ಧ ತಾಸಿಗೇ ಕಾರು ಹತ್ತುತ್ತಾರೆ.

ಸಾಣಾಪುರ, ಆನೆಗೊಂದಿ: ಬೆಚ್ಚನೆಯ ಕಲ್ಲು, ಬೆಚ್ಚನೆಯ ಮನೆ

ಸುಲಭದ ಆಯ್ಕೆ ಇದು. ಸುಲಭ ಅಂತ ಕಡೆಗಣಿಸಬೇಡಿ. ಗಂಗಾವತಿಯಿಂದ ಅರ್ಧ ತಾಸಿನ ದಾರಿ. ಗಂಗಾವತಿಗೂ ನಮ್ಮ ಸಿಂಧನೂರಿಗೂ ಈಗ ರೈಲಿದೆ, ಹುಬ್ಬಳ್ಳಿ ಕಡೆಯಿಂದ ಬರುವವರಿಗೂ ಅನುಕೂಲ. ರೂಮು ಬೇಕಾದಷ್ಟು. ಮೂರು ಜಾಗಗಳಲ್ಲಿ ಹೊಳೆಯ ಹತ್ತಿರವೇ ಮಲಗಿ, ಹೊಳೆಯ ಹತ್ತಿರವೇ ಏಳಬಹುದಾದದ್ದು ಇದೊಂದೇ.

ಇಲ್ಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆ ಕಲ್ಲಿನ ರಾಶಿಯ ನಡುವೆ ತುಂಗಭದ್ರೆ ದಾರಿ ಮಾಡಿಕೊಂಡು, ಕೆಲವೆಡೆ ಹತ್ತಾಳು ಅಗಲದ ಸಂದಿಯಲ್ಲಿ ನುಗ್ಗಿ, ಕೆಲವೆಡೆ ಮಡುವಾಗಿ ನಿಂತು ಹೋಗುತ್ತಾಳೆ. ಮುನಿರಾಬಾದಿನ ಅಣೆಕಟ್ಟೆಯಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ನಸುಕಿನಲ್ಲಿ ಸದ್ದು ಮಾಡದೆ ಕೂತರೆ ಅವು ಕಂಡರೂ ಕಾಣಬಹುದು. ನನಗೆ ಇಷ್ಟು ವರ್ಷದಲ್ಲಿ ಒಮ್ಮೆ ಕಂಡಿವೆ. ಮೂರು ತಲೆ ನೀರಿನ ಮೇಲೆ ಎದ್ದವು, ಒಂದು ಬಂಡೆ ಹತ್ತಿ ಮೈ ಕೊಡವಿತು, ಮೈಮೇಲಿನ ನೀರೆಲ್ಲ ಒಂದು ಕ್ಷಣ ಹೊಗೆಯ ಹಾಗೆ ಹಾರಿತು. ಮಕ್ಕಳು ಕೂಗಿದರು, ಅಲ್ಲಿಗೆ ಮುಗಿಯಿತು.

ಹತ್ತಿರವೇ ಸಾಣಾಪುರದ ಕೆರೆ ಇದೆ. ಕಾಲುವೆ ನೀರು ತುಂಬಿಸುವ ಜಾಗ ಅದು, ಹರಿಗೋಲಿನಲ್ಲಿ ಸುತ್ತಿಸುತ್ತಾರೆ. ಹರಿಗೋಲು ಹತ್ತುವ ಮೊದಲು ಅದನ್ನು ಒಂದು ಸಲ ಬೋರಲು ಹಾಕಿದ್ದಾಗ ನೋಡಿ. ಬಿದಿರಿನ ಸೀಳುಗಳನ್ನು ಚಾಪೆಯಂತೆ ಹೆಣೆದು, ಅಂಚಿಗೆ ದಪ್ಪ ಬಿದಿರಿನ ಬಳೆ ಕಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿರುತ್ತಾರೆ. ಮೊದಲೆಲ್ಲ ಆ ಹಾಳೆಯ ಜಾಗದಲ್ಲಿ ತೊಗಲು ಇರುತ್ತಿತ್ತು. ತಳ ಚಪ್ಪಟೆಯಾದ್ದರಿಂದ ಬಂಡೆ ತಾಕಿದರೂ ಜಾರಿಕೊಂಡು ಹೋಗುತ್ತದೆ. ಈ ಹೊಳೆಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ. ಲೈಫ್ ಜಾಕೆಟ್ ಕೊಡದವರ ಹರಿಗೋಲು ಹತ್ತಬೇಡಿ, ಎಷ್ಟೇ ಕಡಿಮೆ ದುಡ್ಡು ಕೇಳಲಿ.

ಮಧ್ಯಾಹ್ನದ ಬಿಸಿಲಿಗೆ ಆನೆಗೊಂದಿ ಊರೊಳಗೆ ಬನ್ನಿ. ರಂಗನಾಥನ ಗುಡಿ, ಗಗನ ಮಹಲು, ಹುಚ್ಚಪ್ಪಯ್ಯನ ಮಠ ಎಲ್ಲ ನಡೆದೇ ನೋಡಬಹುದು. ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಹೆಣ್ಣುಮಕ್ಕಳ ಕೈಕೆಲಸ ಕೂತು ನೋಡಿ. ಒಂಬತ್ತು ಯತಿಗಳ ಬೃಂದಾವನಗಳಿರುವ ನಡುಗಡ್ಡೆ ನವಬೃಂದಾವನಕ್ಕೆ ದೋಣಿಯಲ್ಲಿ ಹೋಗಬೇಕು, ಹೊಳೆಗೆ ನೀರು ಬಿಟ್ಟ ದಿನ ಅದಾಗದು. ಹನುಮ ಹುಟ್ಟಿದ ಬೆಟ್ಟ ಅನ್ನುವ ಅಂಜನಾದ್ರಿಗೆ 575 ಮೆಟ್ಟಿಲು. ಸೂರ್ಯೋದಯಕ್ಕೆ ಹತ್ತುವವರು ಬಹಳ, ಆದರೆ ಸಾಲಿನಲ್ಲಿ ನಿಂತು ಹತ್ತುವ ಸೂರ್ಯೋದಯ ನನಗೆ ಒಗ್ಗದು. ಬರಿಯ ಮೌನ, ಬರಿಯ ಕಲ್ಲು ಬೇಕಿದ್ದವರು ಗಂಗಾವತಿಯ ಇನ್ನೊಂದು ಕಡೆಗಿರುವ ಹಿರೇಬೆಣಕಲ್ ಬೆಟ್ಟ ಹತ್ತಲಿ. ನೂರಾರು ಶಿಲಾಸಮಾಧಿಗಳು, ಕಲ್ಲಿನ ಪುಟ್ಟ ಪುಟ್ಟ ಮನೆಗಳ ಹಾಗೆ ಸಾಲಾಗಿ ನಿಂತಿವೆ. ವಿಜಯನಗರ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮೊದಲಿನವು. ಅದಕ್ಕೆ ಅರ್ಧ ದಿನ ಬೇಕು, ಜೊತೆಗೆ ದಾರಿ ಬಲ್ಲವರು ಬೇಕು.

ಇನ್ನು ಕೊರತೆ. ವಾರಾಂತ್ಯ, ಕ್ರಿಸ್ಮಸ್, ಹೊಸವರ್ಷದಲ್ಲಿ ಸಾಣಾಪುರ ಸಂತೆಯಾಗುತ್ತದೆ, ರೂಮಿನ ಬಾಡಿಗೆ ಏರುತ್ತದೆ. ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತೆರವು ಮಾಡಿದರಲ್ಲ, ಆ ಗದ್ದಲವೆಲ್ಲ ಈಗ ಈ ಕಡೆ ಸರಿದಿದೆ. ಹಾಗಾಗಿ ಬುಕಿಂಗ್ ಮಾಡುವಾಗ ಪರವಾನಗಿ ಇದೆಯೇ ಅಂತ ನೇರವಾಗಿ ಕೇಳಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಹೊಳೆ ಎಷ್ಟು ಹೆಜ್ಜೆ ದೂರ? ಒಂದು ವರ್ಷ ‘ಹೊಳೆ ಎದುರಿನ ರೂಮು’ ಅಂತ ಫೋನಿನಲ್ಲಿ ಹೇಳಿದ್ದನ್ನು ನಂಬಿ ಹೋದೆವು. ಕಿಟಕಿ ತೆರೆದರೆ ಎದುರಿಗೆ ಸಿಮೆಂಟಿನ ಕಾಲುವೆ, ಅದರ ಪಕ್ಕ ಜನರೇಟರ್. ಹೊಳೆ ಇದ್ದದ್ದು ಎರಡು ಕಿಲೋಮೀಟರ್ ಆಚೆ. ಅವ್ವ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಈಗ ನಾನು ಫೋಟೊ ಕೇಳುವುದಿಲ್ಲ, ರೂಮಿನ ಬಾಗಿಲಲ್ಲಿ ನಿಂತು ತೆಗೆದ ವಿಡಿಯೊ ಕಳಿಸಿ ಅನ್ನುತ್ತೇನೆ. ಕಳಿಸಿದವರಲ್ಲಿ ಮಾತ್ರ ಉಳಿಯುತ್ತೇನೆ.

ಸಂಡೂರು: ಬಟ್ಟಲಿನೊಳಗಿನ ಚಳಿ

ಬೆಟ್ಟ ಸೀಳಿಕೊಂಡು ಹಳ್ಳ ಹೊರಬೀಳುವ ಸಂದಿಗೆ ನಮ್ಮ ಕಡೆ ಗಂಡಿ ಅನ್ನುತ್ತಾರೆ. ಸಂಡೂರಿಗೆ ಅಂಥ ಎರಡು ಬಾಗಿಲು. ಒಂದು ಕಡೆ ಉಬ್ಬಳಗಂಡಿ, ಇನ್ನೊಂದು ಕಡೆ ಭೀಮಗಂಡಿ. ನಾರಿಹಳ್ಳ ಒಂದು ಗಂಡಿಯಲ್ಲಿ ಒಳಬಂದು, ಕಣಿವೆಯೆಲ್ಲ ಸುತ್ತಿ, ಇನ್ನೊಂದು ಗಂಡಿಯಲ್ಲಿ ಹೊರಬಿದ್ದು ದರೋಜಿ ಕಡೆಗೆ ಹೋಗುತ್ತದೆ. ಭೀಮಗಂಡಿಯ ಹತ್ತಿರ, ತಾರಾನಗರದಲ್ಲಿ ಅದಕ್ಕೊಂದು ಅಣೆಕಟ್ಟೆ. ‘ಬೆಟ್ಟ, ಕಮರಿ, ಕಾಡು’ ಅನ್ನುವ ಮೂರೂ ಮಾತು ಕೂಡಿಬರುವುದು ಈ ಮೂರು ಜಾಗಗಳಲ್ಲಿ ಇದೊಂದಕ್ಕೇ.

ಕಾರಣ ಕಲ್ಲಿನಲ್ಲೇ ಇದೆ. ಆನೆಗೊಂದಿಯದು ಬೋಳು ಬಂಡೆ, ಮಣ್ಣು ನಿಲ್ಲದು, ಮರ ಬೆಳೆಯದು. ಸಂಡೂರಿನದು ಕಬ್ಬಿಣದ ಅದಿರಿನ ಬೆಟ್ಟಸಾಲು. ಮಣ್ಣಿದೆ, ಆ ಮಣ್ಣಿನಲ್ಲಿ ದಟ್ಟ ಕಾಡಿದೆ. ಉಬ್ಬಳಗಂಡಿಯ ನರಸಿಂಹನ ಗುಡಿಯ ಹತ್ತಿರ ಬೆಳಿಗ್ಗೆ ಆರಕ್ಕೆ ನಿಂತರೆ ಎರಡೂ ಕಡೆ ಬೆಟ್ಟ ಮೇಲೆದ್ದು ಆಕಾಶ ಒಂದು ಪಟ್ಟಿಯಷ್ಟೇ ಉಳಿದಿರುತ್ತದೆ. ಸೂರ್ಯ ಆರೂ ನಲವತ್ತಕ್ಕೇ ಹುಟ್ಟಿದರೂ ಗಂಡಿಯ ತಳಕ್ಕೆ ಬಿಸಿಲು ಇಳಿಯಲು ಇನ್ನೂ ಬಹಳ ಹೊತ್ತು ಬೇಕು. ಅಷ್ಟು ಹೊತ್ತು ನಿಮಗೆ ಚಳಿ ಖಾತ್ರಿ. ನಾನು ಹೋದ ದಿನ ಹಳ್ಳದಲ್ಲಿ ಮೊಣಕಾಲಿನಷ್ಟು ನೀರಿತ್ತು. ಬೂಟು ಕಳಚಿ ಇಳಿದೆ, ತಳದ ಕೆಂಪು ಮಣ್ಣು ಒಮ್ಮೆ ಎದ್ದು ಕುಂಕುಮ ಕಲಸಿದಂತಾಗಿ, ಹತ್ತು ಎಣಿಸುವಷ್ಟರಲ್ಲಿ ಮತ್ತೆ ತಿಳಿಯಾಯಿತು. ಮನೆಗೆ ಬಂದು ಎರಡು ಸಲ ಒಗೆದರೂ ಪ್ಯಾಂಟಿನ ಅಂಚಿನ ಕೆಂಪು ಹೋಗಲಿಲ್ಲ.

ಬಳ್ಳಾರಿಯ ಬಿಸಿಲು ತಾಳದ ಇಂಗ್ಲಿಷರ ದಂಡಿನವರು ದೇಹ ಸುಧಾರಿಸಿಕೊಳ್ಳಲು ಈ ಬೆಟ್ಟಸಾಲಿನ ಮೇಲಿನ ರಾಮಗಡಕ್ಕೆ ಬರುತ್ತಿದ್ದರು. ಅದು ಸುಮಾರು 3,000 ಅಡಿ ಎತ್ತರ. ನಮ್ಮ ಜಿಲ್ಲೆಗಳೊಳಗೆ ತಂಪು ಎಲ್ಲಿದೆ ಅನ್ನುವುದನ್ನು ಅವರು ಆಗಲೇ ಹುಡುಕಿಟ್ಟಿದ್ದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಾಗ ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಅಂದರು ಅನ್ನುವ ಮಾತು ಆ ಊರವರ ಬಾಯಲ್ಲಿ ಇಂದಿಗೂ ಇದೆ. ಆ ಮಾತನ್ನು ಆಯ್ಕೆಯ ಹೊತ್ತಿಗೆ ಗಂಭೀರವಾಗಿ ತಗೊಳ್ಳಿ. ಸಂಡೂರಿನ ಹಸಿರು ಮಳೆಗಾಲದ್ದು. ಎಲೆ ಉದುರಿಸುವ ಕಾಡು ಅದು; ಜನವರಿ ದಾಟಿತೆಂದರೆ ಬೆಟ್ಟ ಕಂದಾಗುತ್ತಾ ಬರುತ್ತದೆ, ಹಳ್ಳ ಸೊರಗುತ್ತದೆ. ಸಂಡೂರಿಗೆ ಹೋಗುವುದಿದ್ದರೆ ಡಿಸೆಂಬರ್ ಮೊದಲ ಹದಿನೈದು ದಿನಗಳೊಳಗೆ ಹೋಗಿ. ಫೆಬ್ರವರಿಯಲ್ಲಿ ಹೋಗಿ ಬಂದು ‘ಏನೂ ಇರಲಿಲ್ಲ’ ಅನ್ನುವವರು ಆ ಜಾಗಕ್ಕೆ ಅನ್ಯಾಯ ಮಾಡುತ್ತಾರೆ.

ಇಲ್ಲಿನ ಕಷ್ಟ ಲಾರಿ. ಅದಿರಿನ ಊರು ಇದು. ತೋರಣಗಲ್ಲು ಕಡೆಯ ದಾರಿಯಲ್ಲಿ ಧೂಳು, ಸಾಲುಸಾಲು ಲಾರಿ. ಅಂಥ ದಾರಿಯಲ್ಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಹೊಸಪೇಟೆ ಕಡೆಯಿಂದ ಹೋದರೆ ಘಾಟಿ ಇಳಿಯುವಾಗಲೇ ಕಣಿವೆ ಕಾಣುತ್ತದೆ, ಆ ದಾರಿಯೇ ಮೇಲು. ಉಳಿಯಲು ಊರೊಳಗೆ ಲಾಡ್ಜುಗಳಿವೆ, ಸಾಣಾಪುರದ ಹಾಗೆ ಆಯ್ದುಕೊಳ್ಳುವಷ್ಟಿಲ್ಲ, ಹೊಳೆ ದಂಡೆಯ ಮನೆ ಅಂತೂ ಇಲ್ಲ. ಕರಡಿ, ಚಿರತೆ ಇರುವ ಕಾಡು. ಒಳಗೆ ನಡೆಯಬೇಕೆಂದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಹೆಣ್ಣುಮಕ್ಕಳಿಗೆ ಸಂಡೂರಿನಲ್ಲಿ ಇನ್ನೊಂದು ಆಕರ್ಷಣೆ ಲಂಬಾಣಿ ಕಸೂತಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಸೂತಿ ಅದು. ನನ್ನ ತಂಗಿ ಒಂದು ಕುಶನ್ ಕವರ್ ತಗೊಂಡು, ಅದರ ಹಿಂಬದಿಯ ಹೊಲಿಗೆ ಮುಂಬದಿಯಷ್ಟೇ ಅಚ್ಚುಕಟ್ಟಾಗಿರುವುದನ್ನು ದಾರಿಯುದ್ದಕ್ಕೂ ತಿರುಗಿಸಿ ತಿರುಗಿಸಿ ನೋಡಿದಳು.

ಜಲದುರ್ಗ: ಮೇಲೆ ನಿಂತು ನೋಡುವ ಹೊಳೆ

ನನ್ನ ಮನಸ್ಸು ಇರುವುದು ಇಲ್ಲಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲರಿಗೂ ಇದನ್ನು ಹೇಳುವುದೂ ಇಲ್ಲ.

ಕೃಷ್ಣೆ ನಾರಾಯಣಪುರದ ಬಸವಸಾಗರ ಅಣೆಕಟ್ಟೆ ದಾಟಿದ ಮೇಲೆ ದಖ್ಖನ್ನಿನ ಎತ್ತರದ ನೆಲ ಬಿಟ್ಟು ರಾಯಚೂರಿನ ಬಯಲಿಗೆ ಇಳಿಯುತ್ತಾಳೆ. ಇಳಿಯುವುದು ಅಂದರೆ ನಿಧಾನಕ್ಕಲ್ಲ. ಮೂರು ಮೈಲಿಯಷ್ಟರಲ್ಲಿ 400 ಅಡಿಗೂ ಹೆಚ್ಚು ಅಂತ ಹಳೆಯ ಗೆಜೆಟಿಯರುಗಳು ಬರೆದಿವೆ. ಆ ಇಳಿಜಾರಿನಲ್ಲಿ ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವಲ್ಲಿ ನಡುವೆ ಉಳಿದ ಎತ್ತರದ ನೆಲದ ಮೇಲೆ ಜಲದುರ್ಗದ ಕೋಟೆ. ವಿಜಯಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಮರಣದಂಡನೆಯಾದ ಕೈದಿಗಳನ್ನು ಇಲ್ಲಿನ ಬುರುಜಿನಿಂದ ಹೊಳೆಗೆ ನೂಕುತ್ತಿದ್ದರು ಅನ್ನುವ ಕಥೆ ಸುತ್ತಲ ಊರುಗಳಲ್ಲಿ ಕೇಳುತ್ತದೆ. ಆ ಬುರುಜಿನ ಮೇಲೆ ನಿಂತಾಗ ಕಥೆ ನಿಜವೇ ಅಂತ ಕೇಳುವ ಮನಸ್ಸಾಗುವುದಿಲ್ಲ, ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಬರುತ್ತದೆ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ಹೋದಾಗ ಕೋಟೆ ತಲುಪಿದ್ದು ಆರು ಗಂಟೆಗೆ. ಕೆಳಗೆ ಹೊಳೆ ಇರಲೇ ಇಲ್ಲ. ಕಮರಿಯ ತುಂಬ ಮಂಜು, ಅಂಚಿನಿಂದ ಅಂಚಿಗೆ ಹತ್ತಿ ತುಂಬಿಟ್ಟ ಹಾಗೆ. ಕೆಳಗಿನಿಂದ ನೀರಿನ ಸದ್ದು ಮಾತ್ರ ಬರುತ್ತಿತ್ತು. ಏಳು ಗಂಟೆ ಸುಮಾರಿಗೆ ಮೊದಲು ಒಂದು ಬಂಡೆಯ ತುದಿ ಮೇಲೆದ್ದಿತು, ಆಮೇಲೆ ಅದರ ಪಕ್ಕ ಇನ್ನೊಂದು, ಆಮೇಲೆ ಒಂದು ಜಾಲಿಮರದ ನೆತ್ತಿ. ಮಂಜು ಹರಿದದ್ದು ಒಂದೇ ಕಡೆಯಿಂದ ಅಲ್ಲ, ಅಲ್ಲಲ್ಲಿ ತೂತು ಬಿದ್ದು, ಆ ತೂತಿನಲ್ಲಿ ಹಸಿರು ನೀರು ಕಂಡು ಮತ್ತೆ ಮುಚ್ಚಿಕೊಂಡು. ಎಂಟಕ್ಕೆ ಕೆಳಗೊಬ್ಬ ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದುದು ಕಂಡಿತು. ಅಷ್ಟು ಎತ್ತರದಿಂದ ಅವನ ಹರಿಗೋಲು ಒಂದು ಬುತ್ತಿ ಡಬ್ಬಿಯ ಮುಚ್ಚಳದಷ್ಟಿತ್ತು. ಆ ಎರಡು ತಾಸಿನಲ್ಲಿ ಕೋಟೆಗೆ ಬಂದವರು ನಾವು ಮೂವರೇ, ಜೊತೆಗೆ ಆಡು ಹೊಡೆದುಕೊಂಡು ಬಂದ ಒಬ್ಬ ಹುಡುಗ.

ಈ ಮೌನಕ್ಕೆ ತೆರಬೇಕಾದ ಬೆಲೆಯೂ ಇದೆ. ಜಲದುರ್ಗದಲ್ಲಿ ಉಳಿಯುವ ವ್ಯವಸ್ಥೆ ಇಲ್ಲ; ಲಿಂಗಸುಗೂರಿನ ಲಾಡ್ಜಿನಲ್ಲಿ ಮಲಗಿ, ನಾಲ್ಕೂವರೆಗೆ ಎದ್ದು ಕತ್ತಲಲ್ಲಿ ಹೊರಡಬೇಕು. ಚಹಾದ ಅಂಗಡಿ ಆ ಹೊತ್ತಿಗೆ ತೆರೆದಿರದು. ಬುರುಜಿಗೆ ಕಟಕಟೆ ಇಲ್ಲ, ಕಲ್ಲುಗಳು ಸಡಿಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದರೆ ನಿಮ್ಮ ಕಣ್ಣೆಲ್ಲ ಮಕ್ಕಳ ಮೇಲೆ, ಹೊಳೆಯ ಮೇಲಲ್ಲ. ಅವ್ವನನ್ನು ಒಮ್ಮೆ ಕರೆದೊಯ್ದೆ, ಅರ್ಧ ದಾರಿಯ ಕಲ್ಲಿನ ಮೇಲೆ ಕೂತು ‘ನೀವ ಹೋಗಿ ಬರ್ರಿ’ ಅಂದಳು. ಆ ಒಂದು ಮಾತಿಗೆ ಅಲ್ಲಿನ ಬೆಳಗೆಲ್ಲ ಅರ್ಧವಾಯಿತು ನನಗೆ.

ಮಧ್ಯಾಹ್ನಕ್ಕೆ ಮಾತ್ರ ಈ ಕಡೆ ಬರ ಇಲ್ಲ. ಮುದಗಲ್ ಕೋಟೆ ಹತ್ತಿರ. ಗೋವೆಯ ಜೆಸ್ವಿಟ್ ಪಾದ್ರಿಗಳ ಕಾಲದಿಂದ ಅಲ್ಲಿ ಕ್ರೈಸ್ತರ ಹಳೆಯ ಕೇರಿಯಿದೆ, ಡಿಸೆಂಬರ್ ಕೊನೆಯ ವಾರ ಹೋದರೆ ಹಬ್ಬದ ಊರನ್ನೇ ನೋಡಬಹುದು. ಸಿಂಧನೂರು ದಾರಿಯಲ್ಲಿ ಮಸ್ಕಿ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಅಲ್ಲಿ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆ ‘ಅಶೋಕ’ ಅನ್ನುವ ಹೆಸರೂ ಇತ್ತು. ಅಲ್ಲಿಯವರೆಗೆ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೇಳಲು ಶಾಸನದ ಗಟ್ಟಿ ಆಧಾರ ಇರಲಿಲ್ಲ. ಹೋಗುವಾಗಲೋ ಬರುವಾಗಲೋ ಇಪ್ಪತ್ತು ನಿಮಿಷ ಕಾರು ನಿಲ್ಲಿಸಿ.

ಯಾರ ಜೊತೆ, ಯಾವಾಗ

ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಅಂತ ಮೊದಲು ನೋಡಿ, ಜಾಗ ಅವರಿಗೆ ತಕ್ಕದ್ದಿರಲಿ. ವಯಸ್ಸಾದವರು, ಎಂಟು ವರ್ಷದೊಳಗಿನ ಮಕ್ಕಳು ಇದ್ದರೆ ಸಾಣಾಪುರ. ಇದರಲ್ಲಿ ಎರಡನೇ ಮಾತಿಲ್ಲ. ಹೊಸದಾಗಿ ಮದುವೆಯಾದವರು, ನಡೆಯಲು ಗಟ್ಟಿ ಇರುವ ಗೆಳೆಯರು, ಹಕ್ಕಿ ನೋಡುವ ಹುಚ್ಚಿರುವವರು ಸಂಡೂರಿಗೆ ಹೋಗಲಿ. ಒಬ್ಬರೇ, ಇಲ್ಲವೇ ಮಾತು ಕಡಿಮೆ ಆಡುವ ಇಬ್ಬರು ಮೂವರು ಇದ್ದರೆ ಜಲದುರ್ಗ. ಹೆಣ್ಣುಮಕ್ಕಳಷ್ಟೇ ಹೋಗುವುದಿದ್ದರೆ ನಸುಕಿನ ಕತ್ತಲಲ್ಲಿ ಜಲದುರ್ಗದ ದಾರಿ ನನಗೆ ಸರಿ ಕಾಣದು. ಬೆಳಕು ಹರಿದ ಮೇಲೆ ಹೋದರೆ ಮಂಜು ಸ್ವಲ್ಪ ಕಳೆದುಕೊಳ್ಳಬಹುದು, ಆದರೂ ಹಾಗೇ ಮಾಡಿ.

ದಿನ ನೋಡುವಾಗ ಪಂಚಾಂಗವನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಮಾರ್ಗಶಿರದ ಹನುಮದ್ವ್ರತಕ್ಕೆ ಮಾಲೆ ವಿಸರ್ಜನೆಗೆಂದು ಅಂಜನಾದ್ರಿಗೆ ಬರುವ ಮಂದಿಗೆ ಲೆಕ್ಕವಿಲ್ಲ, ಆ ಎರಡು ಮೂರು ದಿನ ಗಂಗಾವತಿಯಿಂದ ಆಚೆ ಕಾರು ಚಲಿಸದು. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ತೇರು ಎಳೆಯುವ ದಿನ ಸುತ್ತಲ ರೂಮುಗಳೆಲ್ಲ ತುಂಬಿರುತ್ತವೆ. ಜಾತ್ರೆಯನ್ನೇ ನೋಡುವುದಿದ್ದರೆ ಅದು ಬೇರೆ, ಅದರ ದಾಸೋಹದಲ್ಲಿ ಕೂತು ಉಣ್ಣುವುದೇ ಒಂದು ಭಾಗ್ಯ. ಹಂಪಿ ಉತ್ಸವದ ದಿನಗಳು ವರ್ಷ ವರ್ಷ ಬದಲಾಗುತ್ತವೆ, ಬುಕಿಂಗಿಗೆ ಮೊದಲು ವಿಚಾರಿಸಿ. ನನ್ನ ಕೇಳಿದರೆ ಮಂಗಳವಾರ, ಬುಧವಾರ ರಜೆ ಹಾಕಿ ಹೋಗುವುದೇ ಒಳ್ಳೆಯದು. ಶನಿವಾರದ ಸಾಣಾಪುರವೂ ಬುಧವಾರದ ಸಾಣಾಪುರವೂ ಒಂದೇ ಊರಲ್ಲ.

ಊಟದ ವಿಷಯಕ್ಕೆ ಮೂರೂ ಕಡೆ ಒಂದೇ ಸಲಹೆ: ಫ್ರೈಡ್ ರೈಸ್ ಬಿಟ್ಟು ಆ ಕಾಲದ್ದನ್ನು ಕೇಳಿ ಉಣ್ಣಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಮನೆ ಊಟ ಹಾಕುವವರಿಗೆ ಹಿಂದಿನ ದಿನ ಹೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ. ಜನವರಿಯಲ್ಲಿ ಜಲದುರ್ಗದ ದಾರಿಯಾದರೆ ಬಿಳಿಜೋಳದ ಹೊಲಗಳಲ್ಲಿ ಹಾಲುತೆನೆ ಸುಟ್ಟು ಸೀತನಿ ಮಾಡುತ್ತಿರುತ್ತಾರೆ. ಕೆಂಡದಲ್ಲಿ ತೆನೆ ಹೊರಳಿಸಿ, ಗೋಣಿಯ ಮೇಲೆ ಬಡಿದು, ಕೇರಿ, ಬಿಸಿ ಕಾಳಿಗೆ ಬೆಲ್ಲ, ಶೇಂಗಾ ಹಿಂಡಿ ಜೊತೆ ಕೊಡುತ್ತಾರೆ. ಎಳ್ಳಮವಾಸ್ಯೆಯ ದಿನ ಚರಗ (ಭೂತಾಯಿಗೆ ಎಡೆ) ಚೆಲ್ಲುವ ಹೊಲದ ಹತ್ತಿರ ಕಾರು ನಿಲ್ಲಿಸಿದರೆ ಉಣ್ಣದೆ ಮುಂದೆ ಹೋಗಲು ಯಾರೂ ಬಿಡುವುದಿಲ್ಲ.

ನೀರಿನ ಎಚ್ಚರ

ಇದನ್ನು ಹೆದರಿಸಲು ಬರೆಯುತ್ತಿಲ್ಲ, ಆದರೆ ಓದದೆ ಮುಂದೆ ಹೋಗಬೇಡಿ. ಮೂರೂ ಹೊಳೆಗಳಿಗೆ ಅಣೆಕಟ್ಟೆ ಇದೆ, ತುಂಗಭದ್ರೆ, ಕೃಷ್ಣೆಯಲ್ಲಿ ಅದು ಮೇಲ್ಗಡೆಗೇ ಇದೆ. ನೀರು ಬಿಟ್ಟಾಗ ಬಂಡೆಯ ಮೇಲೆ ಕೂತವರಿಗೆ ಅದು ಬರುವುದು ತಿಳಿಯದು. ಜಲದುರ್ಗದ ಕಡೆಯ ಶೀಲಹಳ್ಳಿ ಸೇತುವೆ ಮಳೆಗಾಲದಲ್ಲಿ ನಾರಾಯಣಪುರದಿಂದ ನೀರು ಬಿಟ್ಟಾಗೆಲ್ಲ ಮುಳುಗುತ್ತದೆ. ಚಳಿಗಾಲದಲ್ಲಿ ಆ ಭಯ ಕಡಿಮೆ, ಆದರೂ ಹಿಂದಿನ ಸಂಜೆ ಊರವರನ್ನು ಒಂದು ಮಾತು ಕೇಳಿ. ಕೃಷ್ಣೆಯಲ್ಲೂ ತುಂಗಭದ್ರೆಯಲ್ಲೂ ಮೊಸಳೆಗಳಿವೆ. ನಸುಕಿಗೆ ಬಿಸಿಲು ಕಾಯಿಸಲು ಬಂಡೆ ಹತ್ತುವುದು ನೀವೊಬ್ಬರೇ ಅಲ್ಲ. ಸಾಣಾಪುರದ ಬಂಡೆಯ ಮೇಲಿಂದ ಹೊಳೆಗೆ ಹಾರುವ ಹುಡುಗರನ್ನು ನೋಡಿ ನೀವೂ ಹಾರಬೇಡಿ. ಮೇಲೆ ಹಸಿರಾಗಿ ನಿಂತಂತೆ ಕಾಣುವ ಮಡುವಿನ ಕೆಳಗೆ ಕಲ್ಲಿನ ಸಂದಿಯಲ್ಲಿ ಸೆಳವು ಇರುತ್ತದೆ, ಈಜು ಬಲ್ಲವರನ್ನೇ ಅದು ಒಯ್ದಿದೆ. ಆನೆಗೊಂದಿ ಸುತ್ತಲ ಬೆಟ್ಟಗಳಲ್ಲಿ ಚಿರತೆ ಓಡಾಡುತ್ತದೆ, 2020ರಲ್ಲಿ ಜೀವ ಹೋದದ್ದೂ ಇದೆ. ಸೂರ್ಯಾಸ್ತ ನೋಡಲು ಬೆಟ್ಟ ಹತ್ತಿದವರು ಬೆಳಕಿರುವಾಗಲೇ ಇಳಿದುಬಿಡಿ.

ಅಂದಹಾಗೆ, ತುಂಗಭದ್ರೆಯ ಎರಡನೇ ಬೆಳೆಗೆ ನೀರು ಬಿಡುವ ವರ್ಷಕ್ಕೂ ಬಿಡದ ವರ್ಷಕ್ಕೂ ಸಾಣಾಪುರದ ಚಳಿಗಾಲವೇ ಬೇರೆ. ಬಿಟ್ಟ ವರ್ಷ ಜನವರಿಯಲ್ಲಿ ಗದ್ದೆಗಳೆಲ್ಲ ನೀರು ನಿಂತು ಕನ್ನಡಿಯಾಗಿ, ನಾಟಿ ಹಚ್ಚುವ ಹೆಣ್ಣುಮಕ್ಕಳ ಸಾಲು ಕಾಣುತ್ತದೆ, ಆ ತೇವಕ್ಕೆ ಚಳಿಯೂ ಹೆಚ್ಚು. ಬಿಡದ ವರ್ಷ ಗದ್ದೆ ಬಿರುಕು ಬಿಟ್ಟಿರುತ್ತದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಮೇಲಂತೂ ನಮ್ಮ ಕಡೆ ಎಲ್ಲರೂ ನೀರಿನ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ಹೊರಡುವ ಮೊದಲು ಗಂಗಾವತಿಯ ಯಾವ ರೈತನನ್ನಾದರೂ ಕೇಳಿ, ‘ಕಾಲುವೆ ಹರಿಲಿಕತ್ತೇತೇನು?’ ಅಂತ. ಹೌದು ಅಂದರೆ ಬಟ್ಟೆ ತುಂಬಿಕೊಳ್ಳಿ.

ಈ ವರ್ಷ ನಾನು ಎರಡು ಸಲ ಹೋಗುವುದು ಅಂತ ಗೊತ್ತುಮಾಡಿದ್ದೇನೆ. 

ಡಿಸೆಂಬರಿನ ಒಂದು ಬುಧವಾರ ಅವ್ವ, ಮಕ್ಕಳ ಜೊತೆ ಸಾಣಾಪುರ. ಅವ್ವನಿಗೆ ಅಲ್ಲೊಂದು ಬಂಡೆ ಇಷ್ಟ, ಕುರ್ಚಿಯ ಹಾಗೆ ಬೆನ್ನಿಗೆ ಒರಗು ಇರುವಂಥದ್ದು. ಸಂಜೆ ಐದಕ್ಕೇ ಹೋಗಿ ಹಿಡಿದುಕೊಂಡು ಕೂರುತ್ತಾಳೆ, ಕಲ್ಲು ಆರುವವರೆಗೆ ಏಳುವುದಿಲ್ಲ. ಜನವರಿಯಲ್ಲಿ ಸೀತನಿ ಹೊತ್ತಿಗೆ ಇಬ್ಬರು ಗೆಳೆಯರ ಜೊತೆ ಜಲದುರ್ಗ. ಫ್ಲಾಸ್ಕು, ಟಾರ್ಚು, ಮಫ್ಲರು ಎಲ್ಲ ಸರಿ, ಆದರೆ ಕಳೆದ ಸಲ ಒಂದನ್ನು ಮರೆತು ಇಪ್ಪತ್ತು ನಿಮಿಷ ಮಂಜು ಕಳೆದುಕೊಂಡೆವು. ಲಿಂಗಸುಗೂರಿನ ಲಾಡ್ಜುಗಳಲ್ಲಿ ರಾತ್ರಿ ಗೇಟಿಗೆ ಬೀಗ ಹಾಕಿ ಕಾವಲುಗಾರ ಮಲಗಿಬಿಡುತ್ತಾನೆ. ನಾಲ್ಕೂವರೆಗೆ ತೆಗೆಯಬೇಕು ಅಂತ ಹಿಂದಿನ ರಾತ್ರಿಯೇ ಹೇಳಿ, ಅವನ ಫೋನ್ ನಂಬರ್ ತಗೊಂಡು ಮಲಗಿ.